ಕೈಕೊಟ್ಟ ಕೋವಿ: ಬೇಟೆಯ ಕಥನಗಳಲ್ಲಿ ಸಲಕರಣೆಯ ವೈಫಲ್ಯ ಮತ್ತು ಅದರ ಹೊಣೆ

ಬೇಟೆಯ ಹೊತ್ತಿಗೆ ಸರಿಯಾಗಿ ನಾಯಿ ಬಹಿರ್ದೆಸೆಗೆ ಹೋಯಿತು ಎಂಬ ಅರ್ಥದ ಗಾದೆಯೊಂದು ಕನ್ನಡನಾಡಿನಾದ್ಯಂತ ಬಳಕೆಯಲ್ಲಿದೆ. ಬೇಕಾದ ಗಳಿಗೆಯಲ್ಲಿ ಒದಗದ ನೆರವನ್ನು ಹಾಸ್ಯದಿಂದ ಹೇಳುವ ಈ ಮಾತು ಬೇಟೆಯ ಅನುಭವದಿಂದಲೇ ಹುಟ್ಟಿದುದು. ಬೇಟೆಯೆಂಬುದು ಬಹುಕಾಲದ ಸಿದ್ಧತೆ ಮತ್ತು ಒಂದೇ ಗಳಿಗೆಯ ಕ್ರಿಯೆ. ಆ ಗಳಿಗೆಯಲ್ಲಿ ನಾಯಿ, ಬಲೆ, ಬಿಲ್ಲು, ಕೋವಿ, ದೀಪ ಇವುಗಳಲ್ಲಿ ಯಾವುದಾದರೊಂದು ಕೈಕೊಟ್ಟರೆ ದಿನವಿಡೀ ನಡೆದ ಶ್ರಮ ವ್ಯರ್ಥವಾಗುತ್ತದೆ. ಕೆಲವೊಮ್ಮೆ ಪ್ರಾಣಕ್ಕೂ ಸಂಚಕಾರ ಬರುತ್ತದೆ. ಆದುದರಿಂದ ಬೇಟೆಯನ್ನು ಕುರಿತ ಬರವಣಿಗೆಯಲ್ಲಿ ಸಲಕರಣೆಯ ವೈಫಲ್ಯವು ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ಪ್ರಮುಖ ಆಶಯವಾಗಿದೆ.

ಈ ಆಶಯವನ್ನು ಸಾಮಾನ್ಯವಾಗಿ ರೋಚಕತೆಯ ಸಾಧನವೆಂದು ಮಾತ್ರ ಪರಿಗಣಿಸಲಾಗುತ್ತದೆ. ಹಾರದ ಈಡು, ಆರಿಹೋದ ಟಾರ್ಚು, ಮುರಿದ ಬೋನು ಇವೆಲ್ಲ ಕಥೆಗೆ ಬಿಗಿ ತರುವ ತಿರುವುಗಳೆಂದು ಓದುಗರು ಸ್ವೀಕರಿಸುತ್ತಾರೆ. ಆದರೆ ಸಲಕರಣೆ ಕೈಕೊಟ್ಟಾಗ ಅದರ ಬೆಲೆಯನ್ನು ಯಾರು ತೆತ್ತರು, ಆ ಬೆಲೆಯ ನೆನಪನ್ನು ಬರವಣಿಗೆ ಹೇಗೆ ಉಳಿಸಿಕೊಂಡಿತು ಎಂಬ ಪ್ರಶ್ನೆಗಳನ್ನು ಕೇಳಿದಾಗ ಈ ಕಥನಗಳ ಬೇರೊಂದು ಮುಖ ಗೋಚರಿಸುತ್ತದೆ. ಪ್ರಸ್ತುತ ಲೇಖನದಲ್ಲಿ ಕನ್ನಡದ ಬೇಟೆಯ ಪರಿಭಾಷೆ, ಮಲೆನಾಡು ಹಾಗೂ ಕೊಡಗಿನ ಕೋವಿಯ ಬಳಕೆ, ಜಿಮ್ ಕಾರ್ಬೆಟ್ ಅವರ ಎರಡು ಪ್ರಸಿದ್ಧ ಪ್ರಸಂಗಗಳು ಮತ್ತು ಆತಕೂರಿನ ಶಾಸನ ಇವುಗಳ ಹಿನ್ನೆಲೆಯಲ್ಲಿ ಈ ಪ್ರಶ್ನೆಗಳನ್ನು ಪರಿಶೀಲಿಸಲಾಗಿದೆ.

೧. ಪರಿಭಾಷೆಯಲ್ಲಿ ಅಡಗಿದ ಅನುಭವ

ಸಂಸ್ಕೃತದ ಅಲಂಕಾರಶಾಸ್ತ್ರವು ಬೇಟೆಯನ್ನು ಕಾವ್ಯದ ವರ್ಣನಾಂಗಗಳಲ್ಲಿ ಒಂದೆಂದು ಗುರುತಿಸಿದೆ; ವಿಶ್ವನಾಥನ ಸಾಹಿತ್ಯದರ್ಪಣವು ಮಹಾಕಾವ್ಯದ ವರ್ಣನೆಗಳ ಪಟ್ಟಿಯಲ್ಲಿ ಮೃಗಯೆಯನ್ನೂ ಸೇರಿಸುತ್ತದೆ. ಹಳಗನ್ನಡದಲ್ಲಿ 'ಬೇಂಟೆ' ಎಂಬ ರೂಪ ಪ್ರಚುರವಾಗಿದೆ. ಆದರೆ ಕಾವ್ಯದ ಬೇಟೆ ಅರಸನ ವಿನೋದ. ಅಲ್ಲಿ ಸಲಕರಣೆ ವೈಭವದ ಅಂಗವೇ ಹೊರತು ಆತಂಕದ ಮೂಲವಲ್ಲ. ಸಲಕರಣೆಯ ನಂಬಿಕೆ-ಅಪನಂಬಿಕೆಗಳ ಅನುಭವವು ಕಾವ್ಯಕ್ಕಿಂತ ಹೆಚ್ಚಾಗಿ ಆಡುಮಾತಿನ ಪರಿಭಾಷೆಯಲ್ಲಿ ಸಂಗ್ರಹಗೊಂಡಿದೆ.

ಕೋವಿಗೆ ಸಂಬಂಧಿಸಿದ ಕನ್ನಡದ ಶಬ್ದಗಳು ಹಲವು ಮೂಲಗಳಿಂದ ಬಂದವು. ಬಂದೂಕು ಅರಬ್ಬಿ-ಫಾರಸಿಗಳ ಮಾರ್ಗವಾಗಿ, ತುಪಾಕಿ ತುರ್ಕಿ ಮೂಲದಿಂದ, ಕೇಪು ಇಂಗ್ಲಿಷಿನಿಂದ ಬಂದುವು. 'ಕೋವಿ' ಎಂಬುದಕ್ಕೆ ಮಾತ್ರ ಕೊಳವೆ ಎಂಬ ಅರ್ಥವೂ ಇದೆ. ಹೊಸ ಆಯುಧವನ್ನು ಅದರ ಆಕಾರದಿಂದ ಗುರುತಿಸಿದ ದೇಶ್ಯ ನಾಮಕರಣವಿದು. ಕೊಡವ ಭಾಷೆಯಲ್ಲಿ ಇದು 'ತೋಕ್', ತುಳುವಿನಲ್ಲಿ 'ಬೆಡಿ'. ಕೇಪನ್ನು ಬಡಿಯುವ ಸುತ್ತಿಗೆಗೆ ಕನ್ನಡದಲ್ಲಿ 'ಕುದುರೆ' ಎಂಬ ಹೆಸರಿದೆ. ಮಲೆನಾಡಿನ ದೊಡ್ಡ ಬೇಟೆಯಲ್ಲಿ ಕೋವಿ ಹಿಡಿದವರು ಕಾದು ನಿಲ್ಲುವ ಜಾಗವನ್ನು 'ಬಿಲ್ಲು' ಎನ್ನುತ್ತಾರೆ. ಬಿಲ್ಲುಬಾಣಗಳ ಕಾಲ ಕಳೆದು ಕೋವಿ ಬಂದ ಮೇಲೂ ನಿಲ್ಲುವ ಜಾಗ ತನ್ನ ಹಳೆಯ ಹೆಸರನ್ನು ಬಿಟ್ಟುಕೊಡಲಿಲ್ಲ ಎಂಬುದು ಗಮನಾರ್ಹ. ಪೊದೆಗಳನ್ನು ಬಡಿದು ಕೂಗುತ್ತ ಪ್ರಾಣಿಗಳನ್ನು ಬಿಲ್ಲಿನತ್ತ ಅಟ್ಟುವುದು 'ಹಳು ನುಗ್ಗುವುದು'. ಹೀಗೆ ಬೇಟೆಯ ಜನ ಎರಡು ಪಾಲಾಗುತ್ತಾರೆ. ಬಿಲ್ಲಿನವರಲ್ಲಿ ಕೋವಿ ಇದೆ; ಹಳುವಿನವರ ಕೈಯಲ್ಲಿ ಇರುವುದು ಹೆಚ್ಚೆಂದರೆ ಕತ್ತಿ ಅಥವಾ ದೊಣ್ಣೆ.

'ಮದ್ದು' ಶಬ್ದವು ಔಷಧ ಮತ್ತು ಸಿಡಿಮದ್ದು ಎರಡನ್ನೂ ಸೂಚಿಸುತ್ತದೆ. 'ಈಡು' ಎಂದರೆ ಕೋವಿಗೆ ತುಂಬುವ ಮದ್ದುಗುಂಡು, ಒಂದು ಬಾರಿಯ ಹೊಡೆತ. ಅದೇ ರೂಪಕ್ಕೆ ಒತ್ತೆ ಎಂಬ ಅರ್ಥವೂ ನಿಘಂಟುಗಳಲ್ಲಿದೆ. ಇವುಗಳಿಗೆ ಒಂದೇ ಮೂಲವಿರಲಿ, ಇಲ್ಲದಿರಲಿ, ಒಂದು ಈಡನ್ನು ನಂಬಿ ಕಾಡಿಗೆ ಹೋದವನು ತನ್ನನ್ನು ತಾನು ಒತ್ತೆಯಿಟ್ಟಂತೆಯೇ ಸರಿ. 'ಕೈಕೊಡು' ಎಂಬ ಪದಪುಂಜವೂ ಹೀಗೆಯೇ ಇಬ್ಬಂದಿಯದು. ನೆರವಾಗು ಎಂಬುದು ಅದರ ಒಂದು ಅರ್ಥ. ಸಮಯಕ್ಕೆ ಒದಗದೆ ಮೋಸಮಾಡು ಎಂಬುದು ಇಂದು ಹೆಚ್ಚು ಬಳಕೆಯಲ್ಲಿರುವ ಅರ್ಥ. ಕೋವಿಯ ಮಟ್ಟಿಗೆ ಈ ಎರಡು ಅರ್ಥಗಳ ನಡುವಿನ ಅಂತರ ಒಂದು ಕೇಪಿನಷ್ಟು.

೨. ಕೇಪಿನ ಕೋವಿ ಮತ್ತು ಮಲೆನಾಡಿನ ಮಳೆ

ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' (೧೯೩೩), 'ಕಾನೂರು ಹೆಗ್ಗಡಿತಿ' (೧೯೩೬) ಮತ್ತು 'ಮಲೆಗಳಲ್ಲಿ ಮದುಮಗಳು' (೧೯೬೭) ಕೃತಿಗಳಲ್ಲಿಯೂ, ಕೆದಂಬಾಡಿ ಜತ್ತಪ್ಪ ರೈ ಅವರ 'ಬೇಟೆಯ ನೆನಪುಗಳು' ಕೃತಿಯಲ್ಲಿಯೂ, ಪೂರ್ಣಚಂದ್ರ ತೇಜಸ್ವಿ ಅವರ 'ಪರಿಸರದ ಕತೆ'ಯಲ್ಲಿಯೂ ಕಾಣುವ ಬೇಟೆಯ ಲೋಕವನ್ನು ತಿಳಿಯಬೇಕಾದರೆ ಕೇಪಿನ ಕೋವಿಯ ಸ್ವಭಾವವನ್ನು ತಿಳಿಯುವುದು ಅಗತ್ಯ. ತೋಟಾಕೋವಿಗೆ ಮದ್ದು, ಚರೆ, ಕೇಪು ಎಲ್ಲವೂ ಒಂದೇ ಕೋಶದಲ್ಲಿ ಸಿದ್ಧವಾಗಿರುತ್ತವೆ. ಕೇಪಿನ ಕೋವಿಯಲ್ಲಿ ಇವನ್ನೆಲ್ಲ ಬೇಟೆಗಾರನೇ ಬಿಡಿಬಿಡಿಯಾಗಿ ಜೋಡಿಸಬೇಕು. ನಳಿಗೆಯ ಬಾಯಿಂದ ಮದ್ದು ಸುರಿದು, ಅದರ ಮೇಲೆ ನಾರು ಅಥವಾ ಬಟ್ಟೆಯ ಉಂಡೆಯನ್ನು ಸಲಾಕೆಯಿಂದ ಜಡಿದು, ಬಳಿಕ ಗುಂಡು ಅಥವಾ ಚರೆ ಹಾಕಿ, ಅದು ಉರುಳದಂತೆ ಮತ್ತೊಮ್ಮೆ ಜಡಿಯಬೇಕು. ಕೊನೆಗೆ ನಳಿಗೆಯ ಬುಡದ ಪುಟ್ಟ ಕೊಳವೆಯ ಮೇಲೆ ಕೇಪನ್ನು ಕೂರಿಸಬೇಕು. ಕುದುರೆ ಬಿದ್ದಾಗ ಕೇಪಿನ ಕಿಡಿ ಆ ಕೊಳವೆಯ ಮೂಲಕ ಒಳಗಿನ ಮದ್ದನ್ನು ಮುಟ್ಟಿದರೆ ಈಡು ಹಾರುತ್ತದೆ.

ಈ ಸರಣಿಯ ಪ್ರತಿಯೊಂದು ಕೊಂಡಿಯೂ ಕಳಚಬಹುದಾದುದು. ಕರಿಮದ್ದಿನಲ್ಲಿ ತೂಕದ ಲೆಕ್ಕಕ್ಕೆ ಸುಮಾರು ೭೫ ಪಾಲು ಪೆಟ್ಲುಪ್ಪು, ೧೫ ಪಾಲು ಇದ್ದಿಲು, ೧೦ ಪಾಲು ಗಂಧಕ ಇರುತ್ತವೆ. ಇದ್ದಿಲು ಗಾಳಿಯ ತೇವವನ್ನು ಹೀರುತ್ತದೆ. ಪೆಟ್ಲುಪ್ಪು ಶುದ್ಧವಾಗಿಲ್ಲದಿದ್ದರೆ ಅದರಲ್ಲಿನ ಇತರ ಲವಣಗಳು ಇನ್ನಷ್ಟು ತೇವವನ್ನು ಸೆಳೆಯುತ್ತವೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಂಥ ನಾಡಿನಲ್ಲಿ ಮದ್ದನ್ನು ಒಣಗಿದ ಸ್ಥಿತಿಯಲ್ಲಿ ಉಳಿಸಿಕೊಳ್ಳುವುದೇ ಒಂದು ವಿದ್ಯೆ. ಈಡು ಹಾರಿದ ಮೇಲೆ ನಳಿಗೆಯಲ್ಲಿ ಉಳಿಯುವ ಕಿಟ್ಟವೂ ತೇವವನ್ನು ಎಳೆದುಕೊಂಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ; ಕೇಪು ಕೂರುವ ಕೊಳವೆಯ ಸಣ್ಣ ಕಂಡಿಯನ್ನು ಮುಚ್ಚುತ್ತದೆ. ಆಗ ಕೇಪು ಸಿಡಿದರೂ ಈಡು ಹಾರುವುದಿಲ್ಲ.

ಹಾರದ ಈಡಿಗಿಂತ ತಡವಾಗಿ ಹಾರುವ ಈಡು ಹೆಚ್ಚು ಅಪಾಯಕಾರಿ. ಕೇಪು ಸಿಡಿದ ಮೇಲೆ ಅರೆತೇವದ ಮದ್ದು ಕೆಲ ಗಳಿಗೆ ಒಳಗೇ ಕನಲಿ ಅನಂತರ ಸ್ಫೋಟಿಸಬಹುದು. ಈಡು ಹುಸಿಯಾಯಿತೆಂದು ಭಾವಿಸಿ ಕೋವಿಯನ್ನು ಕೆಳಗಿಳಿಸಿದವನಿಗೆ ಅಥವಾ ನಳಿಗೆಯನ್ನು ಪಕ್ಕಕ್ಕೆ ತಿರುಗಿಸಿದವನ ಜೊತೆಗಾರನಿಗೆ ಆ ಈಡು ತಗಲಬಹುದು. ಗುಂಡನ್ನು ಸರಿಯಾಗಿ ಜಡಿಯದೆ ಮದ್ದಿಗೂ ಗುಂಡಿಗೂ ನಡುವೆ ತೆರಪು ಉಳಿದರೆ ನಳಿಗೆಯೇ ಸೀಳಬಹುದು. ಈಡು ತುಂಬಿರುವುದನ್ನು ಮರೆತು ಮತ್ತೊಮ್ಮೆ ತುಂಬಿದರೂ ಇದೇ ಫಲ. ತೋಟಾಕೋವಿ ಈ ತೊಡಕುಗಳಲ್ಲಿ ಕೆಲವನ್ನು ನಿವಾರಿಸಿತು. ಆದರೆ ಕಾಗದದ ಕೋಶದ ತೋಟಾಗಳು ಮಳೆಯಲ್ಲಿ ಉಬ್ಬಿ ನಳಿಗೆಗೆ ಹೋಗದೆ, ಹೋದುದು ಹೊರಬರದೆ ಸತಾಯಿಸಿದವು. ಪ್ಲಾಸ್ಟಿಕ್ ಕೋಶದ ತೋಟಾಗಳು ಬಳಕೆಗೆ ಬಂದುದು ೧೯೬೦ರ ದಶಕದಲ್ಲಿ.

ಈ ಎಲ್ಲ ಸಂಗತಿಗಳನ್ನು ಗಮನಿಸಿದರೆ ಸಲಕರಣೆಯ ವೈಫಲ್ಯವನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ವಸ್ತುವಿನ ದೋಷ: ಸೀಳಿದ ನಳಿಗೆ, ಸಡಿಲಗೊಂಡ ಕೀಲು. ಎರಡನೆಯದು ಪಾಲನೆಯ ದೋಷ: ತೇವದ ಮದ್ದು, ಕಿಟ್ಟ ಕಟ್ಟಿದ ಕೊಳವೆ. ಮೂರನೆಯದು ಆಯ್ಕೆಯ ದೋಷ: ದೊಡ್ಡ ಪ್ರಾಣಿಗೆ ಸಣ್ಣ ಚರೆ, ದೂರದ ಗುರಿಗೆ ಹತ್ತಿರದ ಕೋವಿ. ಮೊದಲ ಎರಡರಲ್ಲಿ ಆಯುಧ ಕೆಲಸ ಮಾಡುವುದಿಲ್ಲ. ಮೂರನೆಯದರಲ್ಲಿ ಆಯುಧ ಕೆಲಸ ಮಾಡುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಪ್ರಾಣಿ ಸಾಯುವುದಿಲ್ಲ, ಗಾಯಗೊಳ್ಳುತ್ತದೆ. ಮೈಸೂರು ಸಂಸ್ಥಾನದಲ್ಲಿ ಆನೆ ಹಿಡಿಯುವ ಖೆಡ್ಡಾ ಕಾರ್ಯದ ಹೊಣೆ ಹೊತ್ತಿದ್ದ ಜಿ. ಪಿ. ಸ್ಯಾಂಡರ್ಸನ್ ೧೮೭೮ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ದೊಡ್ಡ ಪ್ರಾಣಿಗಳಿಗೆ ಭಾರವಾದ ಕೋವಿಗಳೇ ತಕ್ಕವೆಂದು ವಾದಿಸಿದುದಕ್ಕೆ ಈ ಮೂರನೆಯ ಬಗೆಯ ವೈಫಲ್ಯವೇ ಹಿನ್ನೆಲೆ. ನೋಡುಗರಿಗೆ ವೈಫಲ್ಯವೆಂದು ತೋರದ ಈ ಬಗೆಯೇ ಫಲದಲ್ಲಿ ಅತ್ಯಂತ ಘೋರವಾದುದು ಎಂಬುದು ಮುಂದಿನ ಪ್ರಸಂಗದಿಂದ ಸ್ಪಷ್ಟವಾಗುತ್ತದೆ.

ಪಾಲನೆಯ ದೋಷವನ್ನು ತಡೆಯಲು ಸಮುದಾಯಗಳು ಆಚರಣೆಗಳ ಮೂಲಕವೂ ದಾರಿ ಕಂಡುಕೊಂಡಿವೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬ ಇದಕ್ಕೆ ನಿದರ್ಶನ. ನಾಟಿಯ ಕೆಲಸ ನಡೆಯುವ ಮಳೆಗಾಲದಲ್ಲಿ ಆಯುಧಗಳನ್ನು ಮನೆಯ ದೇವರ ಕೋಣೆಯಲ್ಲಿ ಇರಿಸಿ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಈ ಹಬ್ಬದಂದು ಹೊರತೆಗೆದು, ಶುಚಿಗೊಳಿಸಿ, 'ತೋಕ್ ಪೂ' ಎಂದೇ ಹೆಸರಾದ ಹೂವನ್ನು ಮುಡಿಸಿ ಪೂಜಿಸುತ್ತಾರೆ. ತೇವ ಹೆಚ್ಚಿರುವ ತಿಂಗಳುಗಳಲ್ಲಿ ಕೋವಿಗೆ ವಿಶ್ರಾಂತಿ, ಮಳೆ ಇಳಿದ ಮೇಲೆ ಅದರ ಪರೀಕ್ಷೆ ಎಂಬ ವಿವೇಕ ಈ ಆಚರಣೆಯ ಒಡಲಲ್ಲಿದೆ. ನಾಡಿನ ಉಳಿದೆಡೆ ಮಹಾನವಮಿಯ ಆಯುಧಪೂಜೆಯೂ ಇದನ್ನೇ ಮಾಡುತ್ತದೆ. ಪೂಜೆಗಾಗಿ ಆಯುಧವನ್ನು ಒರೆಸಬೇಕಾಗುತ್ತದೆ. ಒರೆಸುವವನ ಕಣ್ಣಿಗೆ ತುಕ್ಕು ಬೀಳುತ್ತದೆ.

೩. ಚಂಪಾವತ: ಮೂರು ದರ್ಜೆಯ ಕೋವಿಗಳು

ಸಲಕರಣೆಯ ವೈಫಲ್ಯವನ್ನು ಭಾರತದ ಬೇಟೆಯ ಬರವಣಿಗೆಯಲ್ಲಿ ಅತ್ಯಂತ ಪ್ರಾಮಾಣಿಕವಾಗಿ ದಾಖಲಿಸಿದವರಲ್ಲಿ ಜಿಮ್ ಕಾರ್ಬೆಟ್ (೧೮೭೫-೧೯೫೫) ಒಬ್ಬರು. ೧೯೪೪ರಲ್ಲಿ ಪ್ರಕಟವಾದ ಅವರ ಮೊದಲ ಪ್ರಸಿದ್ಧ ಕೃತಿಯು ಕುಮಾವೂನ್ ಪ್ರದೇಶದ ನರಭಕ್ಷಕಗಳನ್ನು ಕುರಿತದ್ದು. ಅದರ ಆರಂಭದ ಕಥನ ಚಂಪಾವತದ ಹೆಣ್ಣು ಹುಲಿಯದು. ನೇಪಾಳ ಮತ್ತು ಕುಮಾವೂನ್ ಎರಡೂ ಕಡೆ ಸೇರಿ ೪೩೬ ಜನರನ್ನು ಕೊಂದುದೆಂದು ಲೆಕ್ಕ ಹಾಕಲಾದ ಈ ಹುಲಿಯನ್ನು ಕಾರ್ಬೆಟ್ ೧೯೦೭ರಲ್ಲಿ ಕೊಂದರು.

ಕೊನೆಯ ದಿನದ ಬೇಟೆಗೆ ಸ್ಥಳೀಯ ತಹಸೀಲ್ದಾರರು ಸುತ್ತಲಿನ ಹಳ್ಳಿಗಳಿಂದ ಜನರನ್ನು ಕರೆಸಿದರು. ಪರವಾನಗಿಯಿಲ್ಲದ ಕೋವಿಗಳನ್ನು ತಂದರೂ ಕಾಣದಂತೆ ಇರುವುದಾಗಿಯೂ, ಮದ್ದುಗುಂಡು ಒದಗಿಸುವುದಾಗಿಯೂ ಅವರು ತಿಳಿಸಿದರು. ೨೯೮ ಮಂದಿ ಕೂಡಿದರು. ಅವರು ತಂದ ಆಯುಧಗಳು ವಸ್ತುಸಂಗ್ರಹಾಲಯಕ್ಕೆ ಸಾಲುವಷ್ಟು ಹಳೆಯವು ಎಂಬ ಅರ್ಥದ ಮಾತನ್ನು ಕಾರ್ಬೆಟ್ ಬರೆದಿದ್ದಾರೆ. ಮಾತು ವಿನೋದದ್ದಾದರೂ ಅದರ ಹಿಂದೆ ಒಂದು ಚರಿತ್ರೆಯಿದೆ. ೧೮೭೮ರ ಶಸ್ತ್ರಾಸ್ತ್ರ ಕಾಯಿದೆಯು ಭಾರತೀಯರಿಗೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವುದನ್ನು ನಿಷೇಧಿಸಿತ್ತು. ಬಚ್ಚಿಟ್ಟ ಕೋವಿಯನ್ನು ದುರಸ್ತಿಗೆ ಒಯ್ಯಲಾಗದು, ಬಹಿರಂಗವಾಗಿ ಪರೀಕ್ಷಿಸಲಾಗದು. ಹೀಗೆ ಹುಲಿಯ ಬಾಯಿಗೆ ಅತಿ ಹತ್ತಿರದಲ್ಲಿ ಬದುಕುತ್ತಿದ್ದವರ ಕೈಯಲ್ಲಿ ಅತಿ ಕಳಪೆ ಆಯುಧಗಳಿದ್ದುವು.

ಹುಲಿ ಹೊರಬಿದ್ದ ಮೇಲೆ ಕಾರ್ಬೆಟ್ ತಮ್ಮ ಕೈಯಲ್ಲಿದ್ದ ಮೂರು ತೋಟಾಗಳನ್ನೂ ಹಾರಿಸಿದರು. ಹುಲಿಗೆ ತೀವ್ರವಾದ ಗಾಯಗಳಾದುವು, ಆದರೆ ಅದು ಸಾಯಲಿಲ್ಲ. ಬೇರೆ ತೋಟಾಗಳಿಲ್ಲದ ಕಾರಣ ಅವರು ತಹಸೀಲ್ದಾರರ ಬಳಿಗೆ ಓಡಿ ಅವರ ಕೋವಿಯನ್ನು ಕೈಗೆ ತೆಗೆದುಕೊಂಡು ಹುಲಿಯತ್ತ ಮರಳಿದರು. ಸುಮಾರು ೨೦ ಅಡಿಯ ಅಂತರದಲ್ಲಿ ಕೋವಿಯನ್ನು ಎತ್ತಿದಾಗ ನಳಿಗೆಗಳಿಗೂ ಅವುಗಳ ಬುಡವನ್ನು ಮುಚ್ಚುವ ಭಾಗಕ್ಕೂ ನಡುವೆ ಒಂದು ಅಂಗುಲದ ಎಂಟನೆಯ ಮೂರು ಭಾಗದಷ್ಟು ಸಂದು ಇರುವುದು ಅವರ ಕಣ್ಣಿಗೆ ಬಿತ್ತು. ಅದೇ ಕೋವಿಯಿಂದ ಆಗಲೇ ಈಡು ಹಾರಿದ್ದುದರಿಂದ ಅದು ಒಡೆಯಲಾರದೆಂಬ ಊಹೆಗೆ ಅವಕಾಶವಿತ್ತು. ಆದರೆ ಹಿಂದಕ್ಕೆ ಚಿಮ್ಮುವ ಉರಿಯಿಂದ ಕಣ್ಣು ಹೋಗುವ ಭಯವಂತೂ ಇದ್ದೇ ಇತ್ತು. ಗುರಿ ನೋಡಲು ನಳಿಗೆಯ ತುದಿಯಲ್ಲಿದ್ದುದು ಒರಟಾದ ಒಂದು ಗುಬುಟು. ತೆರೆದ ಬಾಯಿಗೆ ಗುರಿಯಿಟ್ಟ ಗುಂಡು ಹುಲಿಯ ಮುಂಗಾಲಿನ ಪಂಜಕ್ಕೆ ತಗಲಿತು. ಮುಂದೆ ಅದನ್ನು ಉಗುರಿನಿಂದಲೇ ಹೊರತೆಗೆಯಲು ಸಾಧ್ಯವಾಯಿತು ಎಂಬುದರಿಂದ ಆ ಗುಂಡಿನ ಬಲಹೀನತೆ ತಿಳಿಯುತ್ತದೆ. ಹುಲಿ ಹಿಂದಿನ ಗಾಯಗಳಿಂದ ಆಗಲೇ ಸಾಯುವ ಸ್ಥಿತಿಯಲ್ಲಿತ್ತು. ಆ ಸಣ್ಣ ಪೆಟ್ಟೇ ಸಾಕಾಯಿತು.

ಈ ಪ್ರಸಂಗದಲ್ಲಿ ಕೋವಿಗಳ ಮೂರು ದರ್ಜೆಗಳು ಎದ್ದುಕಾಣುತ್ತವೆ. ದೊರೆಯ ವರ್ಗದವನ ರೈಫಲ್ಲು ಅತ್ಯುತ್ತಮವಾದುದು. ಅಲ್ಲಿ ವೈಫಲ್ಯವಿದ್ದರೆ ಅದು ತೋಟಾಗಳ ಲೆಕ್ಕದ್ದು. ಅಧಿಕಾರಿಯ ಕೋವಿ ಪರವಾನಗಿಯುಳ್ಳದ್ದಾದರೂ ಸಡಿಲವಾದುದು. ರೈತನ ಕೋವಿ ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಸಲಕರಣೆಯ ವೈಫಲ್ಯವು ದೈವಯೋಗದಂತೆ ಎಲ್ಲರ ಮೇಲೂ ಸಮನಾಗಿ ಎರಗುವುದಿಲ್ಲ. ಆಯುಧದ ಗುಣಮಟ್ಟ ಹಣ ಮತ್ತು ಅಧಿಕಾರಗಳಿಗೆ ಅನುಗುಣವಾಗಿ ಹಂಚಿಕೆಯಾದಂತೆ ಅಪಾಯವೂ ಅದರ ವಿಲೋಮ ಕ್ರಮದಲ್ಲಿ ಹಂಚಿಕೆಯಾಗುತ್ತದೆ.

ಇನ್ನೂ ಮುಖ್ಯವಾದ ಸಂಗತಿ ಹುಲಿಯ ದೇಹದಲ್ಲಿ ಕಂಡುಬಂದಿತು. ಅದರ ಬಲಭಾಗದ ಮೇಲಿನ ಹಾಗೂ ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಹಳೆಯ ಗುಂಡೇಟಿನಿಂದ ಆದ ಈ ಹಾನಿಯೇ ಅದು ಸಹಜ ಆಹಾರವನ್ನು ಬಿಟ್ಟು ಮನುಷ್ಯರನ್ನು ಹಿಡಿಯಲು ಕಾರಣವೆಂದು ಕಾರ್ಬೆಟ್ ತೀರ್ಮಾನಿಸಿದರು. ಎಂದರೆ ಈ ಕಥೆ ಆರಂಭವಾದುದು ಚಂಪಾವತದಲ್ಲಿ ಅಲ್ಲ. ಎಲ್ಲೋ ಯಾರೋ ಹಾರಿಸಿದ, ಗುರಿಗೆ ಪೂರ್ತಿ ಮುಟ್ಟದ ಒಂದು ಈಡಿನಿಂದ. ಮೇಲೆ ಹೇಳಿದ ಮೂರನೆಯ ಬಗೆಯ ವೈಫಲ್ಯವಿದು. ಆ ಬೇಟೆಗಾರನ ಮಟ್ಟಿಗೆ ಅದು 'ತಪ್ಪಿಸಿಕೊಂಡ ಹುಲಿ'ಯ ಒಂದು ಸಣ್ಣ ನಿರಾಶೆಯಾಗಿ ಮುಗಿದಿರಬೇಕು. ಅದರ ಬೆಲೆಯನ್ನು ತೆತ್ತವರು ಸೊಪ್ಪು-ಸೌದೆಗಳಿಗೆ ಕಾಡಿಗೆ ಹೋಗುತ್ತಿದ್ದ ಬಡ ಹಳ್ಳಿಗರು.

೪. ರುದ್ರಪ್ರಯಾಗ: ಹಲ್ಲು, ಬತ್ತಿ, ಬೆಳಕು

ಎರಡನೆಯ ಪ್ರಸಂಗ ೧೯೧೮ರಿಂದ ೧೯೨೬ರವರೆಗೆ ಗಢವಾಲದಲ್ಲಿ ೧೨೫ ಜನರನ್ನು ಕೊಂದ ರುದ್ರಪ್ರಯಾಗದ ಚಿರತೆಯದು. ತೇಜಸ್ವಿ ಅವರ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'ದ ಮೂಲಕ ಈ ಕಥನ ಕನ್ನಡ ಓದುಗರಿಗೆ ಚಿರಪರಿಚಿತವಾಗಿದೆ. ಚಂಪಾವತದ ಕಥನದಲ್ಲಿ ಕೈಕೊಟ್ಟುದು ಕೋವಿ. ಇಲ್ಲಿ ಕೋವಿಯನ್ನು ಸುತ್ತುವರಿದ ಇತರ ಸಾಧನಗಳ ಸರದಿ.

ಮೊದಲನೆಯದು ಬೋನು. ಕಾಲಿಟ್ಟೊಡನೆ ಎರಡು ದವಡೆಗಳು ಚಿಮ್ಮಿ ಮುಚ್ಚಿಕೊಳ್ಳುವ, ಸುಮಾರು ೮೦ ಪೌಂಡು ತೂಕದ ಕಬ್ಬಿಣದ ಬೋನು ಅದು. ದವಡೆಗಳಿಗೆ ಮೂರು ಅಂಗುಲ ಉದ್ದದ ಹಲ್ಲುಗಳಿದ್ದುವು. ಚಿರತೆ ಬೋನಿಗೆ ಸಿಕ್ಕಿತು. ಆದರೆ ಅದರ ಕಾಲು ಸಿಕ್ಕಿದುದು ಒಂದು ಹಲ್ಲು ಮುರಿದುಹೋಗಿದ್ದ ತೆರಪಿನಲ್ಲಿ. ಕಾಲನ್ನು ಎಳೆದುಕೊಂಡು ಅದು ಪಾರಾಯಿತು. ಎರಡನೆಯದು ದೀಪ. ಒಂದು ರಾತ್ರಿ ಕಾರ್ಬೆಟ್ ಮತ್ತು ಅವರ ಜೊತೆಗಾರ ಇಬ್ಬಟ್‌ಸನ್ ಪೆಟ್ರೋಲು ದೀಪದ ಬೆಳಕಿನಲ್ಲಿ ಗುಡ್ಡದ ದಾರಿ ಹಿಡಿದಿದ್ದಾಗ ದೀಪ ಬಂಡೆಗೆ ತಾಗಿ ಅದರ ಜಾಲರಿ ಬತ್ತಿ ಕಳಚಿ ಬಿತ್ತು. ಉಳಿದುದು ನೀಲಿ ಉರಿಯ ಒಂದು ಎಳೆ ಮಾತ್ರ. ಅದನ್ನೂ ಕೆಲವೇ ನಿಮಿಷಗಳಲ್ಲಿ ಆರಿಸದಿದ್ದರೆ ದೀಪ ಸಿಡಿಯುವ ಸಂಭವವಿತ್ತು. ಚಿರತೆ ಹತ್ತಿರದಲ್ಲೇ ಇರುವ ಕತ್ತಲಲ್ಲಿ ಬೇಟೆಗಾರರೇ ಬೇಟೆಯಾಗುವ ಸ್ಥಿತಿ ಒದಗಿತು. ಮೂರನೆಯದು ಟಾರ್ಚು. ೧೯೨೬ರ ಮೇ ತಿಂಗಳ ಮೊದಲಲ್ಲಿ ಗೋಲಾಬ್ರಾಯಿಯ ಮಾವಿನ ಮರದ ಮೇಲೆ ಕುಳಿತು ಕಾರ್ಬೆಟ್ ಕೊನೆಯ ಗುಂಡನ್ನು ಹಾರಿಸಿದೊಡನೆ ಟಾರ್ಚು ಆರಿಹೋಯಿತು. ಗುಂಡು ಏನು ಮಾಡಿತೆಂದು ತಿಳಿಯದೆ ಅವರು ಬೆಳಕಿಗಾಗಿ ಕಾಯಬೇಕಾಯಿತು.

ಈ ಮೂರು ವೈಫಲ್ಯಗಳ ಕಥನಮೌಲ್ಯ ಸ್ಪಷ್ಟವೇ ಇದೆ. ಆದರೆ ಅವುಗಳ ಪರಿಣಾಮಗಳು ಬೇರೆಬೇರೆ. ದೀಪ ಮತ್ತು ಟಾರ್ಚುಗಳು ಕೈಕೊಟ್ಟಾಗ ಅಪಾಯ ಬಂದುದು ಬೇಟೆಗಾರನಿಗೆ. ಅವನು ಅದನ್ನು ದಾಟಿ ಬಂದು ಕಥೆ ಹೇಳಿದನು. ಬೋನಿನ ಹಲ್ಲು ಕೈಕೊಟ್ಟಾಗ ಅಪಾಯ ಉಳಿದುದು ಹಳ್ಳಿಗರಿಗೆ. ಬೋನಿನಿಂದ ಪಾರಾದ ಚಿರತೆ ಅನಂತರವೂ ಜನರನ್ನು ಕೊಂದಿತು. ಕಾರ್ಬೆಟ್ ಇದನ್ನು ಮರೆಮಾಚುವುದಿಲ್ಲ. ಹಳ್ಳಿಗರ ಹೆಸರು, ಮನೆ, ದುಃಖಗಳನ್ನು ದಾಖಲಿಸುವ ಅವರ ಸಹಾನುಭೂತಿ ಆ ಕಾಲದ ಬೇಟೆಯ ಬರವಣಿಗೆಯಲ್ಲಿ ವಿರಳವಾದುದು. ಆದರೂ ಬೇಟೆಯ ಕಥನವೆಂಬ ಪ್ರಕಾರಕ್ಕೇ ಒಂದು ಮಿತಿಯಿದೆ. ಉತ್ತಮ ಪುರುಷದಲ್ಲಿ ನಿರೂಪಿತವಾಗುವ ಈ ಪ್ರಕಾರದಲ್ಲಿ ನಿರೂಪಕನು ಬದುಕಿ ಉಳಿದ ವೈಫಲ್ಯಗಳಿಗೆ ಮಾತ್ರ ಸ್ಥಾನವುಂಟು. ಕೋವಿ ಕೈಕೊಟ್ಟು ಸತ್ತವನು ತನ್ನ ಕಥೆಯನ್ನು ಹೇಳಲಾರ. ಹೀಗಾಗಿ ಈ ಬರವಣಿಗೆಯನ್ನು ಓದಿದವರಿಗೆ ಸಲಕರಣೆ ಕೈಕೊಟ್ಟರೂ ಧೈರ್ಯದಿಂದ ಪಾರಾಗಬಹುದೆಂಬ ಭಾವನೆ ಉಂಟಾಗುವುದು ಸಹಜ. ಅದು ಪ್ರಕಾರದ ವ್ಯಾಕರಣ ಉಂಟುಮಾಡುವ ಭ್ರಮೆಯೇ ಹೊರತು ಕಾಡಿನ ವಾಸ್ತವವಲ್ಲ.

೫. ಆತ್ಮಕಥನಕ್ಕೆ ಪ್ರತಿಯಾಗಿ ಸ್ಮಾರಕ: ಆತಕೂರಿನ ಶಾಸನ

ಈ ಮಿತಿಯನ್ನು ಮೀರಿದ ಬೇಟೆಯ ದಾಖಲೆಯೊಂದು ಕನ್ನಡದಲ್ಲಿ ಕೋವಿಯ ಕಾಲಕ್ಕಿಂತ ಬಹಳ ಹಿಂದೆಯೇ ಸಿಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. ೯೪೯-೫೦ರ ಶಾಸನವದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಇಮ್ಮಡಿ ಬೂತುಗನೂ ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಸೋಲಿಸಿದ ಸಂದರ್ಭವನ್ನು ಅದು ತಿಳಿಸುತ್ತದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಬೇಕಾದುದನ್ನು ಕೇಳೆಂದಾಗ ಅವನು ಕೇಳಿದುದು 'ಕಾಳಿ' ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿ-ಹಂದಿಗಳೆರಡೂ ಕಾದಾಡಿ ಸತ್ತುವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಡಲಾಯಿತು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಮೂಡಿವೆ.

ಸಲಕರಣೆಯ ದೃಷ್ಟಿಯಿಂದ ಈ ಶಾಸನವನ್ನು ಓದುವುದು ಪ್ರಯೋಜನಕಾರಿ. ಗಾದೆಯ ನಾಯಿ ಸಮಯಕ್ಕೆ ಒದಗಲಿಲ್ಲ. ಶಾಸನದ ನಾಯಿ ಒದಗಿತು, ಆದರೆ ಉಳಿಯಲಿಲ್ಲ. ಬೇಟೆಗಾರನ ಮಟ್ಟಿಗೆ ನಾಯಿ ಬೇಟೆಯ ಒಂದು ಸಾಧನ. ಆ ಸಾಧನ ನಾಶವಾದಾಗ ಬರವಣಿಗೆ ಅದನ್ನು ಬದಿಗೆ ಸರಿಸಿ ಯಜಮಾನನ ಸಾಹಸವನ್ನು ಮುಂದೆ ತರಬಹುದಾಗಿತ್ತು. ಹಾಗೆ ಮಾಡದೆ ಶಾಸನವು ನಾಯಿಯ ಹೆಸರನ್ನೂ, ಅದು ಸತ್ತ ಗುಡ್ಡವನ್ನೂ, ಅದರೊಡನೆ ಸತ್ತ ಹಂದಿಯನ್ನೂ ದಾಖಲಿಸಿತು. ಹುಲಿ, ಹಂದಿಗಳೊಡನೆ ಹೋರಾಡಿ ಮಡಿದವರಿಗೆ ನಿಲ್ಲಿಸಿದ ವೀರಗಲ್ಲುಗಳೂ ಕರ್ನಾಟಕದ ಹಲವೆಡೆ ದೊರೆತಿವೆ. ಅವುಗಳ ತತ್ತ್ವವೂ ಇದೇ: ಬೆಲೆ ತೆತ್ತವನ ಹೆಸರಿಗೆ ಕಲ್ಲು. ಬದುಕಿದವನು ಹೇಳುವ ಕಥೆಯಲ್ಲಿ ಸತ್ತವನು ಸನ್ನಿವೇಶವಾಗುತ್ತಾನೆ. ಸ್ಮಾರಕದಲ್ಲಿ ಸತ್ತವನೇ ವಿಷಯ. ಶಾಸನವನ್ನು ನೆಡಿಸಿದವರು ಅರಸರು ಮತ್ತು ಅವರ ಸಾಮಂತರು ಎಂಬುದೂ, ಆ ಗೌರವ ಎಲ್ಲರಿಗೂ ದಕ್ಕುತ್ತಿರಲಿಲ್ಲ ಎಂಬುದೂ ನಿಜ. ಆದರೂ ಹೊಣೆಯನ್ನು ನೆನೆಯುವ ಒಂದು ಮಾದರಿ ಇಲ್ಲಿ ಸಿದ್ಧವಾಗಿತ್ತು ಎಂಬುದನ್ನು ಅಲ್ಲಗಳೆಯಲಾಗದು.

೬. ಕೈಯಿಲ್ಲದ ಆಯುಧ

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಬೇಟೆಯ ಸಂಸ್ಕೃತಿ ಕಾನೂನಿನ ದೃಷ್ಟಿಯಲ್ಲಿ ಕೊನೆಗೊಂಡಿತು. ಕೊಡಗಿನ ಕೋವಿ ವಿನಾಯಿತಿಯನ್ನು ಕೇಂದ್ರ ಸರ್ಕಾರ ೨೦೧೯ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿದ್ದರೂ ಅದು ಆಯುಧವನ್ನು ಇಟ್ಟುಕೊಳ್ಳುವ ಹಕ್ಕೇ ಹೊರತು ಬೇಟೆಯಾಡುವ ಹಕ್ಕಲ್ಲ. ಬೇಟೆಯ ಕಥನವೂ ನೆನಪಿನ ಸಾಹಿತ್ಯವಾಗಿ ಪರಿವರ್ತನೆಗೊಂಡಿದೆ. ಆದರೆ ಸಲಕರಣೆಯ ವೈಫಲ್ಯದ ಪ್ರಶ್ನೆ ಹಳೆಯದಾಗಿಲ್ಲ. ಕದ್ದು ನಡೆಯುವ ಬೇಟೆಯಲ್ಲಿ ಮತ್ತು ಬೆಳೆ ಕಾಯುವ ಹೆಸರಿನಲ್ಲಿ ಇಂದು ಬಳಕೆಯಲ್ಲಿರುವುದು ಮುಖ್ಯವಾಗಿ ತಂತಿಯ ಉರುಳು, ವಿದ್ಯುತ್ ಹರಿಸಿದ ಬೇಲಿ ಮತ್ತು ಸಿಡಿಮದ್ದಿನ ಉಂಡೆ. ಇವುಗಳ ಸಮಾನ ಲಕ್ಷಣವೆಂದರೆ ಕೆಲಸ ಮಾಡುವ ಗಳಿಗೆಯಲ್ಲಿ ಇವುಗಳ ಹಿಂದೆ ಮನುಷ್ಯನ ಕೈಯೂ ಕಣ್ಣೂ ಇರುವುದಿಲ್ಲ.

ಕೋವಿ ಕೈಕೊಟ್ಟಾಗ ಅದನ್ನು ಹಿಡಿದವನಿಗೆ ತಿಳಿಯುತ್ತದೆ. ಉರುಳು ಕೈಕೊಟ್ಟಾಗ ಯಾರಿಗೂ ತಿಳಿಯುವುದಿಲ್ಲ. ಹಂದಿಗೆ ಒಡ್ಡಿದ ಉರುಳಿಗೆ ಚಿರತೆಯೋ ಕರಡಿಯೋ ಬೀಳುತ್ತದೆ. ತಂತಿ ಕಡಿದುಕೊಂಡು ಹೋದ ಪ್ರಾಣಿ ಗಾಯದೊಡನೆ ಉಳಿಯುತ್ತದೆ. ೨೦೨೦ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಸ್ಫೋಟಕವಿದ್ದ ಆಹಾರವನ್ನು ಕಚ್ಚಿ ಬಾಯಿ ಛಿದ್ರಗೊಂಡ ಗರ್ಭಿಣಿ ಆನೆಯೊಂದು ನದಿಯಲ್ಲಿ ನಿಂತೇ ಸತ್ತ ಘಟನೆ ದೇಶದ ಗಮನ ಸೆಳೆಯಿತು. ಚಂಪಾವತದ ಹುಲಿಗೆ ಆದಂತೆ ಇಲ್ಲಿಯೂ ಗಾಯ ಬಾಯಿಗೇ ಆಯಿತು. ಗಾಯ ಮಾಡಿದವನು ಆ ಗಳಿಗೆಯಲ್ಲಿ ಅಲ್ಲಿರಲಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಬೇಟೆಯ ಕಥನಗಳಲ್ಲಿ ಸಲಕರಣೆಯ ವೈಫಲ್ಯವು ಕೇವಲ ತಾಂತ್ರಿಕ ವಿವರವೂ ಅಲ್ಲ, ಕೇವಲ ರೋಚಕ ತಿರುವೂ ಅಲ್ಲ. ಆಯುಧದ ಗುಣಮಟ್ಟ, ಅದನ್ನು ನಿಯಂತ್ರಿಸುವ ಕಾನೂನು, ಅದನ್ನು ಪಾಲಿಸುವ ಆಚರಣೆ, ಅದು ಕೈಕೊಟ್ಟಾಗ ನೋಯುವ ಜೀವಗಳು ಇವೆಲ್ಲ ಸೇರಿದ ಒಂದು ಸಾಮಾಜಿಕ ಸಂಬಂಧವದು. ಕನ್ನಡದ ಆಡುಮಾತು ಈಡು, ಮದ್ದು, ಕೈಕೊಡು ಎಂಬ ಇಬ್ಬಂದಿಯ ಶಬ್ದಗಳಲ್ಲಿ ಆಯುಧದ ಬಗೆಗಿನ ಅಪನಂಬಿಕೆಯನ್ನು ಕಾಪಾಡಿಕೊಂಡು ಬಂದಿದೆ. ಕನ್ನಡದ ಶಿಲಾಶಾಸನ ಪರಂಪರೆ ಬೆಲೆ ತೆತ್ತವರ ಹೆಸರನ್ನು ಕಾಪಾಡಿದೆ. ಮಲೆನಾಡಿನ ಬೇಟೆಯ ಸಾಹಿತ್ಯವನ್ನು ಇನ್ನು ಮುಂದೆ ಅಧ್ಯಯನ ಮಾಡುವವರು ಬಿಲ್ಲಿನಲ್ಲಿ ನಿಂತವನ ಕೋವಿ ಹಾರಿತೇ ಇಲ್ಲವೇ ಎಂಬುದರ ಜೊತೆಗೆ, ಅದು ಹಾರದಿದ್ದಾಗ ಹಳುವಿನಲ್ಲಿ ಯಾರಿದ್ದರು, ಅರ್ಧ ಹಾರಿದಾಗ ಗಾಯಗೊಂಡ ಪ್ರಾಣಿ ಎತ್ತ ಹೋಯಿತು ಎಂಬುದನ್ನೂ ಕೇಳುವ ಅಗತ್ಯವಿದೆ. ಚಂಪಾವತದ ಆ ಮೊದಲ ಈಡನ್ನು ಹಾರಿಸಿದವನು ಈ ಪ್ರಶ್ನೆಯನ್ನು ಕೇಳಿಕೊಂಡು ಗಾಯಗೊಂಡ ಹುಲಿಯ ಹಿಂದೆ ಹೋಗಿದ್ದರೆ ೪೩೬ ಮನೆಗಳ ಚರಿತ್ರೆ ಬೇರೆಯಾಗುತ್ತಿತ್ತು.